ಲೋಯಾಂಗಿಗೆ ಬಂದ ನಾಲ್ಕನೆಯವಳು

ಸೆಪ್ಟೆಂಬರ್ 28

ಬೆಳಗ್ಗೆಯಿಂದ ಪೆಟ್ಟಿಗೆ ತುಂಬುತ್ತಿದ್ದೇನೆ. ಸ್ವಂತ ಹೊದಿಕೆ, ದಿಂಬಿನ ಗವಸು, ಊಟದ ಕಡ್ಡಿಗಳ ಡಬ್ಬಿ, ಬಟ್ಟಲು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ವಸತಿಗೃಹದವರು ಹಾಸಿಗೆ ಬಟ್ಟೆಯನ್ನು ಹೇಗೆ ಒಗೆಯುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಗಿರಣಿಯಲ್ಲಿ ನನ್ನ ಕೆಲಸವೇ ಕೆಳಗೆ ದೀಪವಿರುವ ಮೇಜಿನ ಮೇಲೆ ಹರಿದುಹೋಗುವ ಬಿಳಿ ಬಟ್ಟೆಯಲ್ಲಿ ಕಲೆ ಹುಡುಕುವುದಾಗಿತ್ತು. ನಿವೃತ್ತಿ ಸಿಕ್ಕಿದ್ದು ಕೈಗೆ ಮಾತ್ರ, ಕಣ್ಣಿಗಲ್ಲ. ಗಂಡನನ್ನು ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಸ್ವಭಾವ ಹೊಂದಲಿಲ್ಲ ಎನ್ನುತ್ತೇನೆ. ನಿಜವೇನೆಂದರೆ ಅವನು ಸಿಗರೇಟಿನ ಬೂದಿಯನ್ನು ಉಂಡ ಬಟ್ಟಲಿಗೇ ಕೊಡವುತ್ತಿದ್ದ.

ಲೋಯಾಂಗ್ ಪ್ರವಾಸದ ಮಾತು ತೆಗೆದದ್ದು ವಾನ್‌ಚಿಂಗ್. ಅವಳಲ್ಲದೆ ಬೇರೆ ಯಾರು ಕರೆದಿದ್ದರೂ ದೇಶವೇ ರಸ್ತೆಗಿಳಿಯುವ ರಾಷ್ಟ್ರದಿನದ ರಜೆಯಲ್ಲಿ ನಾನು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಗಿರಣಿಯ ವಸತಿಯಲ್ಲಿ ನಾವು ಮೂವರು ಒಂದೇ ಕೋಣೆಯಲ್ಲಿದ್ದವರು: ವಾನ್‌ಚಿಂಗ್, ನಾನು, ಲಾಮೆಯ್. ವಾನ್‌ಚಿಂಗ್ ಧ್ವನಿವರ್ಧಕದಲ್ಲಿ ಸುದ್ದಿ ಓದುತ್ತಿದ್ದಳು, ಆಮೇಲೆ ಗಿರಣಿ ಶಾಲೆಯ ಶಿಕ್ಷಕಿಯಾದಳು. ಅವಳು ಕರವಸ್ತ್ರ ಮಡಿಸುವ ರೀತಿಯನ್ನು ನೋಡಿ ನಾನು ಮಡಿಸುವುದನ್ನು ಕಲಿತೆ. ಲಾಮೆಯ್ ಹತ್ತಿ ಹಿಂಜುವ ವಿಭಾಗದವಳು. ಅವಳಿಂದ ನಾನು ಕಲಿತದ್ದೇನೂ ಇಲ್ಲ. ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ನೆಲಕ್ಕೆ ಉಗುಳುತ್ತಾಳೆ. ಕೆಮ್ಮುತ್ತಾಳೆ. ನಗುವಾಗ ಪಕ್ಕದಲ್ಲಿದ್ದವರ ತೊಡೆಗೆ ಹೊಡೆಯುತ್ತಾಳೆ.

ಇಬ್ಬರಲ್ಲಿ ಒಬ್ಬಳ ಜೊತೆ ಕೋಣೆ ಹಂಚಿಕೊಳ್ಳಬೇಕು. ವಾನ್‌ಚಿಂಗ್ ಜೊತೆ ಎಂದು ಈಗಲೇ ಹೇಳಿಬಿಟ್ಟಿದ್ದೇನೆ.

ಅಕ್ಟೋಬರ್ 1

ಛೀ. ಇದನ್ನು ಹೇಗೆ ಬರೆಯಲಿ.

ನಿಲ್ದಾಣದಲ್ಲಿ ಜನ ಇರುವೆಯಂತೆ ಮುತ್ತಿದ್ದರು. ಲಾಮೆಯ್ ಕೊನೆಯ ಗಳಿಗೆಯಲ್ಲಿ ಬಂದಳು. ಒಂದು ಕೈಯಲ್ಲಿ ಬಟ್ಟೆಗಂಟು. ಇನ್ನೊಂದು ಕೈಯ ಮಣಿಕಟ್ಟಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿತ್ತು. ಆ ಪಟ್ಟಿಯ ಇನ್ನೊಂದು ತುದಿ ಒಬ್ಬ ಮುದುಕಿಯ ಮಣಿಕಟ್ಟಿನಲ್ಲಿತ್ತು. ಅವಳ ಅತ್ತೆ!

“ಬಯ್ಬೇಡ ಕಣೇ ಸುಶಿನ್, ಮೊದ್ಲು ಉಸಿರು ತಗೋತೀನಿ,” ಎಂದಳು ಲಾಮೆಯ್. “ಮೈದುನನ ಮನೇಲಿ ಬಿಟ್ಟು ಬರ್ತೀನಿ ಅಂತಿದ್ದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಗಂಡ ಹೆಂಡ್ತಿ ಇಬ್ರೂ ಸಮುದ್ರ ನೋಡಕ್ಕೆ ಹೊರಟುಹೋಗಿದಾರೆ. ಒಂದು ಮಾತು ಹೇಳೋದು ಬೇಡ್ವಾ? ಬೀಗ ಹಾಕ್ಕೊಂಡು ಬರಕ್ಕಾಗತ್ತಾ ಇವಳನ್ನ?”

“ಅಯ್ಯೋ, ಬರ್ಲಿ ಬಿಡು,” ಎಂದಳು ವಾನ್‌ಚಿಂಗ್, ಮುದುಕಿಯ ಕೆನ್ನೆ ಸವರಿ. “ಹಿರಿಯರು ಜೊತೆಗಿದ್ರೆ ಪ್ರಯಾಣಕ್ಕೇ ಒಂದು ಕಳೆ.”

ಹೀಗೆ ಹೇಳಲು ಅವಳೊಬ್ಬಳಿಗೇ ಸಾಧ್ಯ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಮ್ಮೆಲೇ ಕೂಗಿದಳು: “ಇವಳೇ! ನನಗೆ ಸಂಬಂಧ ಕುದುರಿಸಿದೋಳು ಇವಳೇ! ಹುಡುಗ ಕುಡಿಯಲ್ಲ, ಮನೇಲಿ ಎರಡು ಹೇಸರಗತ್ತೆ ಇದೆ ಅಂದಿದ್ಯಲ್ಲೇ ಸುಳ್ಳಿ! ಎಲ್ಲೇ ಹೇಸರಗತ್ತೆ?”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲಾಮೆಯ್ ನನ್ನ ತೊಡೆಗೆ ಹೊಡೆದು ನಕ್ಕಳು. “ಮರೆತುಹೋಗತ್ತೆ ಅವಳಿಗೆ. ಒಂದೊಂದು ದಿನ ಒಬ್ಬೊಬ್ಬರನ್ನ ಹಿಡ್ಕೊಳ್ತಾಳೆ. ಇವತ್ತು ನಿನ್ನ ಸರದಿ.”

ರೈಲಿನಲ್ಲಿ ಮುದುಕಿ ನನ್ನ ಎದುರಿಗೇ ಕೂತಳು. ಕೋಟಿನ ತೋಳಿನೊಳಗೆ ಬೇಯಿಸಿದ ಮೊಟ್ಟೆ ಬಚ್ಚಿಟ್ಟುಕೊಂಡಿದ್ದಳು. ಅದು ಒಡೆದು, ಹಳದಿ ಪುಡಿಯಾಗಿ ಹೊರಬರುತ್ತಿತ್ತು. ಅದನ್ನು ಬೆರಳಿಂದ ಒತ್ತಿ ಒತ್ತಿ ನೆಕ್ಕುತ್ತಿದ್ದಳು. ಜೊತೆಗೆ ಮೂತ್ರದ ವಾಸನೆ. ನಾನು ಕಿಟಕಿಗೆ ಮುಖ ಹಚ್ಚಿ, ಬಾಯಿಯಿಂದ ಉಸಿರಾಡುತ್ತಾ ಲೋಯಾಂಗ್ ತಲುಪಿದೆ.

ವಸತಿಗೃಹದ ಹಾಸಿಗೆಯಲ್ಲಿ ಮೂರು ಕಲೆ. ಅವು ಏನೆಂದು ಯೋಚಿಸದೆ ನನ್ನ ಹೊದಿಕೆ ಹಾಸಿದೆ.

ಅಕ್ಟೋಬರ್ 2

ಲಾಂಗ್‌ಮೆನ್ ಗುಹೆಗಳಿಗೆ, ಬಂಡೆಯಲ್ಲಿ ಕೆತ್ತಿದ ಬುದ್ಧರನ್ನು ನೋಡಲು ಹೋದೆವು. ಹೋದೆವು ಎನ್ನುವುದಕ್ಕಿಂತ ನೂಕಿಸಿಕೊಂಡೆವು ಎನ್ನಬೇಕು. ಇಡೀ ಪ್ರಾಂತ್ಯವೇ ಯೀ ನದಿಯ ದಂಡೆಗೆ ಬಂದು ಬಿದ್ದಂತಿತ್ತು. ಮುಂದಿದ್ದವನ ಬೆನ್ನಿನ ಬೆವರು ನನ್ನ ಮೂಗಿಗೆ, ಹಿಂದಿದ್ದವಳ ಫೋನಿನ ಕೋಲು ನನ್ನ ಕಿವಿಗೆ. ಒಂದು ಮಗು ಬುದ್ಧನ ಪಾದದ ಕೆಳಗೇ ವಾಂತಿ ಮಾಡಿತು. ಅದರ ತಾಯಿ ಕಾಲಿನಿಂದ ಮಣ್ಣು ಎಳೆದು ಮುಚ್ಚಿ ಫೋಟೋಗೆ ನಿಂತಳು.

ಮೆಟ್ಟಿಲುಗಳಿಗೆ ಬಂದಾಗ ಮುದುಕಿ ಕೂತುಬಿಟ್ಟಳು. ಲಾಮೆಯ್ ಬಗ್ಗಿ ಅವಳನ್ನು ಬೆನ್ನ ಮೇಲೆ ಹೊತ್ತಳು. ಅರವತ್ತು ದಾಟಿದ ದಪ್ಪ ಹೆಂಗಸು, ಅವಳ ಬೆನ್ನ ಮೇಲೆ ಒಣಗಿದ ಮುದುಕಿ. ಕೆಮ್ಮುತ್ತಾ, ಹೂಂ ಹೂಂ ಎನ್ನುತ್ತಾ ಹತ್ತತೊಡಗಿದಳು. ಜನ ದಾರಿ ಬಿಟ್ಟರು, ಕೆಲವರು ಮೂಗು ಮುಚ್ಚಿಕೊಂಡರು. ಲಾಮೆಯ್‌ಗೆ ಅದು ಕಾಣಲೇ ಇಲ್ಲ. ಮುದುಕಿ ಅವಳ ಕಿವಿ ಹಿಡಿದುಕೊಂಡು, “ಹೇಸರಗತ್ತೆ ಸಿಕ್ತು! ಹೇಸರಗತ್ತೆ ಸಿಕ್ತು!” ಎಂದು ಕೂಗುತ್ತಿದ್ದಳು. ಲಾಮೆಯ್ ನಿಜವಾಗಿಯೂ ಕತ್ತೆಯಂತೆ ಒದರಿದಳು. ಎಲ್ಲರೆದುರಿಗೆ!

ವಾನ್‌ಚಿಂಗ್ ಸ್ವಲ್ಪ ಮುಂದೆ ನಡೆದಳು. ನಾನೂ ಅವಳ ಜೊತೆ ಮುಂದೆ ಹೋದೆ. ಪಕ್ಕದಲ್ಲಿ ಬರುತ್ತಿದ್ದ ಒಬ್ಬಳು ಹಿಂದಕ್ಕೆ ಕೈ ತೋರಿಸಿ, “ಅವರು ನಿಮ್ಮ ಜೊತೆಯವರಾ?” ಎಂದು ಕೇಳಿದಳು.

“ಅಲ್ಲ,” ಎಂದೆ. ಇನ್ನೇನು ಹೇಳಬೇಕಿತ್ತು?

ಮೇಲೆ ದೊಡ್ಡ ಬುದ್ಧ ನಸುನಗುತ್ತಾ ಕೂತಿದ್ದ. ಅವನಿಗೇನು, ಕಲ್ಲಿನ ಮೂಗು.

ಅಕ್ಟೋಬರ್ 3

ಬೆಳಗಿನ ತಿಂಡಿಗೆ ಹುಳಿಗಂಜಿಯ ಶಾವಿಗೆ. ಹೆಸರುಕಾಳಿನ ನೀರನ್ನು ಹಳಸುವವರೆಗೆ ಇಟ್ಟು ಅದರಲ್ಲಿ ಬೇಯಿಸುತ್ತಾರೆ. ಈ ಊರಿನವರಿಗೆ ಅದೇ ಅಮೃತ. ನನ್ನ ಮೂಗಿಗೆ ನೆಲ ಒರೆಸಿದ ಒದ್ದೆ ಬಟ್ಟೆಯ ವಾಸನೆ. ಲಾಮೆಯ್ ತಾನು ಅಗಿದು ಮೆತ್ತಗೆ ಮಾಡಿದ ಶಾವಿಗೆಯನ್ನು ಅತ್ತೆಯ ಬಾಯಿಗೆ ಇಟ್ಟಳು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಕೋಣೆಗೆ ಬಂದ ಮೇಲೆ ವಾನ್‌ಚಿಂಗ್ ಸುಗಂಧ ಚಿಮುಕಿಸಿಕೊಂಡು, “ಲಾಮೆಯ್ ತಾಳ್ಮೆ ನೋಡಿದ್ರೆ ಕಣ್ಣು ತುಂಬಿ ಬರತ್ತೆ,” ಎಂದಳು. ಶೀಶೆಯ ಮುಚ್ಚಳ ಹಾಕುತ್ತಾ, “ಆದ್ರೂ ಇಂಥವರನ್ನ ಕರ್ಕೊಂಡು ಬರಬಾರ್ದಿತ್ತು. ಅವರಿಗೂ ಹಿಂಸೆ, ನಮಗೂ ಹಿಂಸೆ.”

“ನಾರ್ತಾಳೆ ಕಣೇ,” ಎಂದೆ. “ನಾನಾಗಿದ್ರೆ ಎಲ್ಲಾದ್ರೂ ಬಿಟ್ಟು ಬರ್ತಿದ್ದೆ.”

ಅವಳು ನಕ್ಕಳು. ಮನಸ್ಸಿಗೆ ಹಾಯೆನಿಸಿತು. ಒಂದೇ ರುಚಿಯವರು ಜೊತೆಗಿದ್ದರೆ ಅರ್ಧ ಕಷ್ಟ ಕಡಿಮೆ.

ಅಕ್ಟೋಬರ್ 4

ಇವತ್ತಿನದನ್ನು ಇವತ್ತೇ ಬರೆದು ಮುಗಿಸುತ್ತೇನೆ.

ಹಳೆಯ ಪೇಟೆಗೆ ಹೋಗಿದ್ದೆವು. ಅಲ್ಲಿ ಎರಡು ಅಂಗಡಿಗೊಬ್ಬರು ತಾಂಗ್ ಅರಸರ ಕಾಲದ ಉಡುಪು ಬಾಡಿಗೆಗೆ ಕೊಡುವವರು. ಮೊಳಕಾಲುದ್ದದ ಹುಡುಗಿಯರಿಂದ ಹಿಡಿದು ಅಜ್ಜಿಯರವರೆಗೆ ಎಲ್ಲರೂ ರಾಣಿಯರು. ಬೀದಿಯ ಧೂಳು ಗುಡಿಸುವ ಲಂಗಗಳು, ಹಣೆಯ ಮೇಲೆ ಅಂಟಿಸಿದ ಹೂವು, ಕೈಯಲ್ಲಿ ಹುರಿದ ಸ್ಕ್ವಿಡ್ ಮೀನಿನ ಕಡ್ಡಿ. ಆ ಉಡುಪುಗಳನ್ನು ದಿನಕ್ಕೆ ಎಷ್ಟು ಜನ ಹಾಕಿ ಬಿಚ್ಚುತ್ತಾರೋ. ಕಂಕುಳಿನ ಭಾಗ ನೋಡಿದರೆ ಗೊತ್ತಾಗುತ್ತದೆ.

ಲಾಮೆಯ್ ಒಂದು ಅಂಗಡಿಯ ಮುಂದೆ ನಿಂತುಬಿಟ್ಟಳು. ಪಿಯೋನಿ ಹೂವಿನ ಕಸೂತಿಯ ಕೆಂಪು ಉಡುಪು. “ನನ್ನ ಮದುವೇಲೂ ಗಿರಣಿಯ ನೀಲಿ ಕೋಟೇ ಹಾಕ್ಕೊಂಡಿದ್ದು ಕಣೇ. ಒಂದು ಸಲ ಹಾಕ್ಕೊಳ್ಲಾ? ಒಂದೇ ಒಂದು ಫೋಟೋ. ನಗ್ತೀರೇನೋ...”

ನನಗೆ ನಗುವೇ ಬಂತು. ವಾನ್‌ಚಿಂಗ್ ಮಾತ್ರ ಅವಳ ಭುಜ ಹಿಡಿದು, “ಹೋಗು. ಸುಶಿನ್, ನೀನೂ ಜೊತೆಗೆ ಹೋಗಿ ಸಹಾಯ ಮಾಡು. ಅಜ್ಜಿ ಜೊತೆ ನಾನಿರ್ತೀನಿ,” ಎಂದಳು. ಲಾಮೆಯ್ ಮಣಿಕಟ್ಟಿನ ಪಟ್ಟಿಯನ್ನು ತನಗೆ ಕಟ್ಟಲು ಬಂದಾಗ ಅವಳ ಮುಖ ಗಂಭೀರವಾಯಿತು. “ಇದನ್ನ ಬಿಚ್ಚು ಲಾಮೆಯ್. ಮನುಷ್ಯರನ್ನ ಕಟ್ಟಿಹಾಕೋದಾ? ನಾನು ಕೈ ಹಿಡ್ಕೊಂಡಿರ್ತೀನಿ.”

ಲಾಮೆಯ್ ನಾಚಿ ಪಟ್ಟಿ ಬಿಚ್ಚಿ ಜೇಬಿಗಿಟ್ಟಳು. ಕೊನೆಗೂ ಒಬ್ಬರು ಹೇಳಿದರಲ್ಲ ಎಂದುಕೊಂಡೆ ನಾನು.

ಅಂಗಡಿಯಲ್ಲಿ ಸಾಲು ಉದ್ದವಿತ್ತು. ಲಾಮೆಯ್ ಮುಖಕ್ಕೆ ಹಿಟ್ಟಿನಂತೆ ಬಿಳಿ ಪುಡಿ ಬಳಿದರು. ಸುಕ್ಕುಗಳಲ್ಲಿ ಅದು ನಿಲ್ಲಲಿಲ್ಲ. ತಲೆಯ ಮೇಲೆ ಕಾಗದದ ಪಿಯೋನಿ, ಸುಳ್ಳು ಜಡೆ. ಸೊಂಟದ ಪಟ್ಟಿ ಸುತ್ತು ಬರಲಿಲ್ಲವೆಂದು ನಾನು ಹಿಂದಿನಿಂದ ಮೊಳಕಾಲು ಕೊಟ್ಟು ಎಳೆದು ಕಟ್ಟಿದೆ. ಕನ್ನಡಿಯಲ್ಲಿ ನೋಡಿಕೊಂಡು ಅವಳು ನಗಲಿಲ್ಲ. “ಅತ್ತೇನ ಕರ್ಕೊಂಡು ಬಾರೇ,” ಎಂದಳು ಮೆಲ್ಲಗೆ. “ಅವಳು ನೋಡ್ಲಿ.”

ನಾವು ಬರುವಾಗ ಅಜ್ಜಿಯನ್ನು ಕೂರಿಸಿದ್ದ ಕಲ್ಲುಬೆಂಚಿನ ಹತ್ತಿರ ಹೊರಟೆ. ದಾರಿಯಲ್ಲಿ ಚಹದಂಗಡಿಯ ಮಹಡಿಯ ಕಿಟಕಿಯಲ್ಲಿ ವಾನ್‌ಚಿಂಗ್ ಕಾಣಿಸಿದಳು. ಮುಂದೆ ಚಹದ ಲೋಟ. ಲೋಟವನ್ನು ಅತ್ತ ಇತ್ತ ತಿರುಗಿಸಿ ಫೋಟೋ ತೆಗೆಯುತ್ತಿದ್ದಳು. ಅಜ್ಜಿ ಮೇಜಿನ ಆಚೆ ಕೂತಿರಬಹುದು, ಇಲ್ಲಿಗೆ ಕಾಣುತ್ತಿಲ್ಲ ಎಂದುಕೊಂಡೆ. ಕೆಳಗಿನಿಂದ ಕೂಗಿದೆ. ಅವಳು ನನ್ನನ್ನು ನೋಡಿದ ಕ್ಷಣ ಮುಖದ ಬಣ್ಣ ಬದಲಾಯಿತು.

ಇಳಿದು ಬಂದವಳೇ ಬೆಂಚಿನ ಕಡೆ ಓಡಿದಳು. ಬೆಂಚಿನ ಮೇಲೆ ಯಾರೋ ಗಂಡಸರು ಕಲ್ಲಂಗಡಿ ತಿನ್ನುತ್ತಿದ್ದರು.

ಲಾಮೆಯ್‌ಗೆ ವಾನ್‌ಚಿಂಗೇ ಹೇಳಿದಳು, ಅಳುತ್ತಾ: “ಕೈ ಹಿಡ್ಕೊಂಡೇ ಇದ್ದೆ. ಬೂಟಿನ ದಾರ ಕಟ್ಟೋಕೆ ಅಂತ ಬಗ್ಗಿದ್ದೆ, ಅಷ್ಟೇ. ತಲೆ ಎತ್ತೋದ್ರೊಳಗೆ ಇಲ್ಲ.”

ನಾನು ಅವಳ ಪಾದ ನೋಡಿದೆ. ದಾರವಿಲ್ಲದ ಬೂಟು. ಹೇಳುವಷ್ಟು ಪುರುಸೊತ್ತಿರಲಿಲ್ಲ, ಲಾಮೆಯ್ ಆಗಲೇ ಓಡಿದ್ದಳು. ಅದೇ ಉಡುಪಿನಲ್ಲಿ, ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಅಮ್ಮಾ! ಅಮ್ಮಾ!” ಎಂದು ಕೂಗುತ್ತಾ. ಜಡೆ ಕಳಚಿ ಬಿತ್ತು. ಪುಡಿ ಬೆವರಿನಲ್ಲಿ ಕರಗಿ ಕುತ್ತಿಗೆಗೆ ಇಳಿಯಿತು. ಜನ ದಾರಿ ಬಿಡುವ ಬದಲು ಫೋನ್ ಎತ್ತಿದರು. ನಾಟಕ ಎಂದುಕೊಂಡರು! ಒಬ್ಬ “ಇನ್ನೊಂದ್ಸಲ ಓಡಿ ಅಕ್ಕಾ, ಸರಿಯಾಗಿ ಬರ್ಲಿಲ್ಲ,” ಎಂದ. ಅವನ ಫೋನನ್ನು ನಾನು ಕಿತ್ತು ಅವನ ಎದೆಗೇ ಎಸೆದೆ. ನನಗೆ ಇಷ್ಟು ಹೇಸಿಗೆ ಯಾವ ಕಲೆ ನೋಡಿಯೂ ಆಗಿರಲಿಲ್ಲ.

ಪೊಲೀಸ್ ಚೌಕಿಯಿಂದ ಧ್ವನಿವರ್ಧಕದಲ್ಲಿ ಕೂಗಿಸಿದರು: ನ್ಯೂ ಫೆಂಗ್‌ಶಿಯಾನ್, ಎಂಬತ್ತಾರು ವರ್ಷ, ಕಂದು ಹತ್ತಿಕೋಟು. ಅಜ್ಜಿಗೆ ಒಂದು ಹೆಸರಿದೆ ಎಂಬುದೇ ನನಗೆ ಆಗ ಗೊತ್ತಾದದ್ದು.

ಲಾಮೆಯ್ ಪೇಟೆಯ ದ್ವಾರದ ಕಡೆ ಹೋದಳು, ನಾನು ಗಲ್ಲಿಗಳ ಕಡೆ. ಸೂರ್ಯ ಗೋಡೆಯ ಹಿಂದೆ ಇಳಿಯುವ ಹೊತ್ತಿಗೆ ಒಂದು ಸಾರ್ವಜನಿಕ ಶೌಚಾಲಯದ ಮುಂದೆ ಹೆಂಗಸರು ಗೊಣಗುತ್ತಿದ್ದುದು ಕೇಳಿಸಿತು. ಕೊನೆಯ ಬಾಗಿಲು ಆಗಿನಿಂದ ತೆಗೆದೇ ಇಲ್ಲವಂತೆ, ಒಳಗೆ ಯಾವಳೋ ಹುಚ್ಚಿ ಬಯ್ಯುತ್ತಿದ್ದಾಳಂತೆ. ಹೋಗಿ ಕಿವಿಯಿಟ್ಟೆ. “ಕುಡಿಯಲ್ಲ ಅಂದ್ಯಲ್ಲೇ... ಕುಡಿದು ಕುಡಿದು ಸತ್ತ...”

“ಅಜ್ಜೀ, ಬಾಗಿಲು ತೆಗಿ.”

“ತೆಗಿಯಲ್ಲ. ನೀನು ಇನ್ನೊಬ್ಬನ್ನ ಕರ್ಕೊಂಡು ಬಂದಿರ್ತೀಯ.”

ಚಿಲಕ ಒಳಗಿನಿಂದ ಹಾಕಿತ್ತು. ಬಾಗಿಲ ಕೆಳಗೆ ಸಂದು ಇತ್ತು. ಮಲಗಿ ನುಸುಳಿದೆ. ಒಳಗೆ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಒಂದು ಕಾಲು ಗುಂಡಿಯೊಳಗೆ ಸಿಕ್ಕಿಕೊಂಡಿತ್ತು. ಎಲ್ಲಾ ಬಟ್ಟೆಯಲ್ಲೇ ಆಗಿತ್ತು. ಕಾಲು ಬಿಡಿಸಿದೆ. ನನ್ನ ಶಲ್ಯವನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಒರೆಸಿದೆ. ಅದು ಸಾಲಲಿಲ್ಲ, ನನ್ನ ಒಳಅಂಗಿ ಬಿಚ್ಚಿ ಅದರಲ್ಲೂ ಒರೆಸಿದೆ. ಅವಳ ತೊಡೆ ಎಷ್ಟು ಸಣ್ಣದಾಗಿದೆ ಎಂದರೆ ನನ್ನ ಒಂದು ಹಿಡಿಯಲ್ಲಿ ಬರುತ್ತದೆ. ತಣ್ಣಗಾಗಿದ್ದಳು. ನನ್ನ ಕೋಟು ಹಾಕಿ ಮಡಿಲಲ್ಲಿ ಕೂರಿಸಿಕೊಂಡು ಕಾಲು ಉಜ್ಜಿದೆ.

“ಅಲ್ಲಿ ಬೆಂಚಿನ ಮೇಲೆ ಯಾಕೆ ಕೂತ್ಕೊಳ್ಲಿಲ್ಲ?” ಎಂದು ಕೇಳಿದೆ.

“ಒದ್ದೆ ಆಯ್ತು,” ಎಂದಳು, ಚಿಕ್ಕ ಹುಡುಗಿಯಂತೆ. “ಆ ಚಂದದವಳು ಮೂಗು ಮುಚ್ಕೊಂಡ್ಳು. ‘ಇಲ್ಲೇ ಇರು, ನನ್ನ ಹಿಂದೆ ಬರ್ಬೇಡ, ನಾನು ನಿನ್ನ ಜೊತೆಯವಳಲ್ಲ’ ಅಂದ್ಳು. ಅದಕ್ಕೇ ತೊಳ್ಕೊಳಣ ಅಂತ ಬಂದೆ.”

ಹೊತ್ತುಕೊಂಡು ಬಂದೆ. ನೋಡಲು ಹಕ್ಕಿಯಂತಿದ್ದರೂ ಭಾರವಿದ್ದಾಳೆ. ಲಾಮೆಯ್ ಲಾಂಗ್‌ಮೆನ್‌ನಲ್ಲಿ ಅಷ್ಟು ಮೆಟ್ಟಿಲು ಹೇಗೆ ಹತ್ತಿದಳೋ. ನನ್ನ ಸೊಂಟ ಹಿಡಿದಿದೆ.

ಅಕ್ಟೋಬರ್ 5

ಲಾಮೆಯ್ ಎಲ್ಲರ ಕ್ಷಮೆ ಕೇಳಿದಳು. ವಸತಿಗೃಹದ ಒಡತಿಯ ಕ್ಷಮೆ, ನನ್ನ ಕ್ಷಮೆ, ವಾನ್‌ಚಿಂಗಳ ಕ್ಷಮೆ. “ನನ್ನ ಫೋಟೋ ಹುಚ್ಚಿನಿಂದ ನಿನಗೆ ಎಷ್ಟು ತೊಂದ್ರೆ ಆಯ್ತು ವಾನ್‌ಚಿಂಗ್.”

ವಾನ್‌ಚಿಂಗ್ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, “ಆದದ್ದು ಆಯ್ತು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಆದ್ರೆ ಇನ್ಮೇಲೆ ಸ್ವಲ್ಪ ಜವಾಬ್ದಾರಿ ಇರ್ಲಿ,” ಎಂದಳು.

ಕ್ಷಮಿಸಿದಳು! ಅವಳು ಕ್ಷಮಿಸಿದಳು!

ಅವಳ ಸುಗಂಧದಿಂದ ತಲೆ ನೋಯುತ್ತದೆ ಎಂದು ಹೇಳಿ ಸಂಜೆ ನನ್ನ ಹೊದಿಕೆ ತೆಗೆದುಕೊಂಡು ಪಕ್ಕದ ಲಾಮೆಯ್ ಕೋಣೆಗೆ ಬಂದೆ. ಅಲ್ಲಿ ಹಾಸಿಗೆ ಎರಡೇ. ಅಜ್ಜಿಯ ಪಕ್ಕ ಮಲಗಿದ್ದೇನೆ. ಗೊರಕೆ ಹೊಡೆಯುತ್ತಾಳೆ, ಆದರೆ ಮೈ ಬೆಚ್ಚಗಿದೆ.

ಅಕ್ಟೋಬರ್ 6

ಇವತ್ತು ನೀರೂಟ, ಈ ಊರಿನ ಸಾರುಗಳ ಔತಣ. ಲೋಯಾಂಗಿಗೆ ಬಂದು ನೀರೂಟ ಉಣ್ಣದೆ ಹೋದರೆ ಹೇಗೆ ಎಂದು ವಾನ್‌ಚಿಂಗ್ ಮೊದಲೇ ಮೇಜು ಕಾದಿರಿಸಿದ್ದಳು. ಸಾರಿನ ಮೇಲೆ ಸಾರು, ಸಾರಿನ ಮೇಲೆ ಸಾರು. ಮೂಲಂಗಿಯನ್ನು ಎಳೆಎಳೆಯಾಗಿ ಹೆಚ್ಚಿ, ಅದನ್ನು ರಾಣಿಯರು ಕುಡಿಯುತ್ತಿದ್ದ ಹಕ್ಕಿಗೂಡಿನ ಸಾರು ಎಂದು ತಂದಿಡುತ್ತಾರೆ.

ಜನ ಹೆಚ್ಚಾಗಿ ದೊಡ್ಡ ಮೇಜಿನಲ್ಲಿ ಇನ್ನೊಂದು ಸಂಸಾರವನ್ನೂ ಕೂರಿಸಿದ್ದರು. ಅವರು ಅಜ್ಜಿಯ ಬಗ್ಗೆ ಏನೋ ಕೇಳಿದರು. ವಾನ್‌ಚಿಂಗ್ ಕಥೆ ಶುರು ಮಾಡಿದಳು. ಗಿರಣಿಯ ಧ್ವನಿವರ್ಧಕದಲ್ಲಿ ಕೇಳುತ್ತಿದ್ದ ಅದೇ ಇಂಪಾದ ಧ್ವನಿ. ಅವಳು ಕೈ ಹಿಡಿದುಕೊಂಡಿದ್ದಳು. ಬಗ್ಗಿದಳು. ಆಮೇಲೆ ಗಲ್ಲಿಗಲ್ಲಿ ಹುಡುಕಿದಳು. “ಆ ಹೊತ್ತಿನಲ್ಲಿ ನನಗೆ ನನ್ನ ಹೆತ್ತ ತಾಯಿಯೇ ಕಣ್ಮುಂದೆ ಬಂದ್ರು.” ಎದುರಿನ ಹೆಂಗಸು ಕಣ್ಣೊರೆಸಿಕೊಂಡಳು. ಲಾಮೆಯ್ ತಲೆ ತಗ್ಗಿಸಿ, ತಪ್ಪಿತಸ್ಥೆಯಂತೆ, ಅತ್ತೆಗೆ ಸಾರು ಆರಿಸುತ್ತಿದ್ದಳು.

ನಾನು ಊಟದ ಕಡ್ಡಿಗಳನ್ನು ಕೆಳಗಿಟ್ಟೆ.

“ನೀನು ಚಹ ಕುಡೀತಿದ್ದೆ,” ಎಂದೆ.

“ಏನು?”

“ಚಹದಂಗಡಿ ಮಹಡಿ ಮೇಲೆ ಕೂತು ಲೋಟದ ಫೋಟೋ ತೆಗೀತಿದ್ದೆ. ನಿನ್ನ ಬೂಟಿಗೆ ದಾರ ಇಲ್ಲ. ಅಜ್ಜಿ ಒದ್ದೆ ಮಾಡ್ಕೊಂಡ್ಳು ಅಂತ ಅವಳನ್ನ ಬೆಂಚಿನ ಮೇಲೆ ಬಿಟ್ಟು, ನಾನು ನಿನ್ನ ಜೊತೆಯವಳಲ್ಲ ಅಂತ ಹೇಳಿ ಹೋದೆ.”

ವಾನ್‌ಚಿಂಗ್ ಕರವಸ್ತ್ರದಿಂದ ತುಟಿ ಒತ್ತಿಕೊಂಡಳು. ನಂತರ ಮೆಲ್ಲಗೆ ಹೇಳಿದಳು: “ಮರೆವಿನ ಮುದುಕಿ ಮಾತು ಕೇಳ್ಕೊಂಡು ನನ್ನ ಮೇಲೆ ಹೇಳ್ತೀಯಾ? ಸರಿ. ಹಾಗಾದ್ರೆ ಇದನ್ನೂ ಹೇಳು. ಲಾಂಗ್‌ಮೆನ್‌ನಲ್ಲಿ ಒಬ್ಬಳು ಕೇಳಿದಾಗ ಇವರು ನಮ್ಮ ಜೊತೆಯವರಲ್ಲ ಅಂದವಳು ಯಾರು? ನಾರ್ತಾಳೆ, ಎಲ್ಲಾದ್ರೂ ಬಿಟ್ಟು ಬರ್ತಿದ್ದೆ ಅಂದವಳು ಯಾರು? ನೀನು ಹೇಳ್ದೆ, ನಾನು ಸ್ವಲ್ಪ ಹೊತ್ತು ಬಿಟ್ಟೆ. ನಮ್ಮಿಬ್ಬರಲ್ಲಿ ಏನು ವ್ಯತ್ಯಾಸ ಸುಶಿನ್?”

ಲಾಮೆಯ್ ನನ್ನ ಕಡೆ ನೋಡಿದಳು. ನನಗೆ ಸುಳ್ಳು ಹೇಳಬೇಕೆನಿಸಿತು. ಬಾಯಿ ತುದಿಯವರೆಗೆ ಬಂತು ಕೂಡ.

“ಹೌದು, ಅಂದೆ,” ಎಂದೆ. “ಎರಡೂ ನಾನೇ ಅಂದದ್ದು.”

ಎದುರಿನ ಸಂಸಾರದವರು ತಮ್ಮ ಬಟ್ಟಲುಗಳನ್ನು ಎತ್ತಿಕೊಂಡು ಬೇರೆ ಮೇಜು ಹುಡುಕಿದರು. ಲಾಮೆಯ್ ಅತ್ತೆಗೆ ಉಣಿಸಿದಳು, ಉಳಿದ ಸಾರನ್ನು ತಾನು ಕುಡಿದಳು, ಒಂದು ಬಟ್ಟಲು ನನ್ನ ಮುಂದೆ ತಳ್ಳಿದಳು. ವಾನ್‌ಚಿಂಗ್ ಎದ್ದು ಹೋದಳು. ರೈಲನ್ನು ಬದಲಾಯಿಸಿಕೊಂಡು ಸಂಜೆಯೇ ಹೊರಟುಬಿಟ್ಟಳಂತೆ. ಇಷ್ಟು ವರ್ಷ ಆ ಮಡಿಸಿದ ಕರವಸ್ತ್ರವನ್ನು ನೋಡಿ ಮರುಳಾಗಿದ್ದೆನಲ್ಲ, ಥೂ.

ಅಕ್ಟೋಬರ್ 7

ಲೋಯಾಂಗ್ ನಿಲ್ದಾಣ. ನಮ್ಮ ರೈಲು ತಡ. ನೆಲದ ಮೇಲೆ ಗಂಟು ಹಾಕಿಕೊಂಡು ಕೂತಿದ್ದೇವೆ. ಅಜ್ಜಿ ನನ್ನ ಹೆಗಲ ಮೇಲೆ ಒರಗಿ ನಿದ್ದೆ ಮಾಡುತ್ತಿದ್ದಾಳೆ, ಅದಕ್ಕೇ ಅಕ್ಷರ ಓರೆ.

ಲಾಮೆಯ್ ಬೀಜ ಜಗಿಯುತ್ತಿದ್ದಳು. ಒಮ್ಮೆಲೇ ನಿಲ್ಲಿಸಿದಳು.

“ವಾನ್‌ಚಿಂಗ್‌ನ ನಾನು ಬಯ್ಯಲ್ಲ ಕಣೇ.”

“ಯಾಕೆ? ನಿನ್ನನ್ನೇ ತಪ್ಪಿತಸ್ಥೆ ಮಾಡಿದ್ಲಲ್ಲ. ಪೊರಕೆ ತಗೋಬೇಕಿತ್ತು.”

“ಕೇಳು. ಅವತ್ತು ಆ ಧ್ವನಿವರ್ಧಕದಲ್ಲಿ ಇವಳ ಹೆಸರು ಕೂಗ್ತಿದ್ರಲ್ಲ, ನಾನು ಆ ಕೆಂಪು ಲಂಗ ಎತ್ಕೊಂಡು ಓಡ್ತಿದ್ದೆ. ಆಗ ಅನಿಸ್ತು.” ಅವಳು ಅತ್ತೆಯ ಮುಖ ನೋಡಿ ದನಿ ತಗ್ಗಿಸಿದಳು. “ಸಿಗದೇ ಇರ್ಲಿ ಅನಿಸ್ತು ಸುಶಿನ್. ಒಂದು ಉಸಿರು, ಅಷ್ಟೇ ಹೊತ್ತು. ಇವಳು ಸಿಗ್ಲಿಲ್ಲ ಅಂದ್ರೆ ಇವತ್ತು ನಾನು ಕಾಲು ಚಾಚಿ ಬೆಳಗಿನವರೆಗೂ ಮಲಗ್ತೀನಿ ಅಂತ. ನನ್ನ ಗಂಡ ಹೋದಾಗಿನಿಂದ ಒಂದು ರಾತ್ರೀನೂ ಪೂರ್ತಿ ನಿದ್ದೆ ಮಾಡಿಲ್ಲ ನಾನು. ಆಮೇಲೆ ಇನ್ನೂ ಜೋರಾಗಿ ಓಡಿದೆ. ಎಲ್ರೂ ನೋಡಿದ್ರಲ್ಲ, ಎಷ್ಟು ಅಳ್ತಾಳೆ ಪಾಪ ಅಂತ. ಯಾಕೆ ಅಳ್ತಿದ್ದೆ ಅಂತ ನನಗೊಬ್ಬಳಿಗೇ ಗೊತ್ತು. ಈಗ ಹೇಳು, ಯಾವ ಮುಖ ಇಟ್ಕೊಂಡು ಅವಳನ್ನ ಬಯ್ಲಿ?”

ಅವಳು ಅತ್ತೆಯ ಕೋಟು ಸರಿಪಡಿಸಲು ಬಗ್ಗಿದಳು. ಮಡಿಲಿನಲ್ಲಿದ್ದ ಬೀಜಗಳೆಲ್ಲ ನೆಲಕ್ಕೆ ಚೆಲ್ಲಿದವು. ನಾನು ಕೈ ಚಾಚಿ ಆರಿಸಿ, ಊದಿ, ಅವಳ ಕೈಗೆ ಕೊಟ್ಟೆ. ನಾನೂ ಒಂದೆರಡು ತಿಂದೆ. ಉಪ್ಪು ಜಾಸ್ತಿ.

ರೈಲು ಬಂತು.

ಅಕ್ಟೋಬರ್ 10

ಗಿರಣಿಯ ಗೆಳತಿಯರ ಫೋನ್ ಗುಂಪಿಗೆ ಯಾರೋ ಒಂದು ವಿಡಿಯೋ ಕಳಿಸಿದ್ದಾರೆ. ‘ಓಡಿಹೋದ ರಾಣಿ’ ಅಂತೆ. ಲಾಮೆಯ್ ಲಂಗ ಎತ್ತಿಕೊಂಡು ಓಡುತ್ತಿರುವುದು. ಅದರ ಕೆಳಗೆ ನಗುವ ಮುಖದ ಚಿತ್ರಗಳ ಸಾಲೇ ಸಾಲು. ವಾನ್‌ಚಿಂಗ್ ಕೂಡ ಒಂದು ಹಾಕಿದ್ದಾಳೆ. ನಾನು ಗುಂಪಿನಿಂದ ಹೊರಬಂದೆ. ಹೊರಬರುವ ಮೊದಲು ಏನು ಬರೆದೆ ಎಂಬುದನ್ನು ಇಲ್ಲಿ ಬರೆಯಲಾರೆ. ಇದು ಮರ್ಯಾದಸ್ಥೆಯ ದಿನಚರಿ.

ಲಾಮೆಯ್‌ಗೆ ಜ್ವರ. ಗಂಜಿ ತೆಗೆದುಕೊಂಡು ಹೋದೆ. ಆ ಮನೆ! ಬಾಗಿಲಿಂದ ಒಲೆಯವರೆಗೆ ಒದ್ದೆ ಬಟ್ಟೆ ನೇತಾಡುತ್ತಿದೆ. ಅವಳು ಮಂಚದಿಂದ ಏಳಲು ಹೋಗಿ ಗೋಡೆ ಹಿಡಿದು ನಿಂತಳು. ಅಜ್ಜಿ ಒಲೆಯ ಅನಿಲ ತಿರುಗಿಸುತ್ತಿದ್ದಳು. ನೋಡಿಕೊಂಡು ಇರಲಾದೀತೇ? ಎರಡು ದಿನ ನನ್ನಲ್ಲಿರಲಿ ಎಂದು ಎತ್ತಿಕೊಂಡು ಬಂದೆ. ಎರಡೇ ದಿನ. ಅದನ್ನು ಲಾಮೆಯ್‌ಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಅವಳ ಮೈದುನನಿಗೂ ಫೋನ್ ಮಾಡಿದೆ. “ಸಮುದ್ರ ಹೇಗಿತ್ತು?” ಎಂದು ಕೇಳಿದೆ. ಇಟ್ಟುಬಿಟ್ಟ.

ಅಕ್ಟೋಬರ್ 17

ಬರೆಯಲು ಹೊತ್ತಿಲ್ಲ. ಹೊದಿಕೆ ಒಗೆಯುವುದು, ಒಣಗಿಸುವುದು. ಅವಳಿಗೆ ನನ್ನ ಅಡುಗೆ ಸೇರುವುದಿಲ್ಲ. ಹುಳಿಗಂಜಿ ಬೇಕಂತೆ. ಹೆಸರುಕಾಳು ನೆನೆಸಿಟ್ಟು ಮೂರು ದಿನವಾಯಿತು, ಇನ್ನೂ ಸರಿಯಾಗಿ ಹಳಸಿಲ್ಲ. ಚಳಿಗೋ ಏನೋ. ಗಡಿಗೆಯನ್ನು ನನ್ನ ಹಳೇ ಕೋಟಿನಲ್ಲಿ ಸುತ್ತಿಟ್ಟಿದ್ದೇನೆ.

ಲಾಮೆಯ್ ಕರೆದುಕೊಂಡು ಹೋಗುತ್ತೇನೆ ಎಂದು ಬಂದಳು. ಇನ್ನೂ ಕೆಮ್ಮುತ್ತಿದ್ದಾಳೆ. ಹೋಗಿ ಮಲಗು ಎಂದು ಬಾಗಿಲಿನಿಂದಲೇ ಓಡಿಸಿದೆ. ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಹೋದಳು. ನಿನ್ನೆ ಫೋನಿನಲ್ಲಿ ಹೇಳಿದಳು, ಬಿಸಿಲು ಬರುವವರೆಗೂ ಮಲಗಿದ್ದಳಂತೆ.

ಅಕ್ಟೋಬರ್ 23

ಇವತ್ತು ಎದುರು ಮನೆಯವಳು ಬಾಗಿಲು ತಟ್ಟಿದಳು. ಇಷ್ಟು ವರ್ಷ ಎದುರುಬದುರು ಇದ್ದರೂ ನಾವು ಮಾತಾಡಿದ್ದು ಕಡಿಮೆ. ಒಪ್ಪವಾದ ಹೆಂಗಸು, ಚಪ್ಪಲಿಗಳನ್ನು ಅಳತೆ ಹಿಡಿದಂತೆ ಜೋಡಿಸಿಡುತ್ತಾಳೆ. ಮೂಗಿಗೆ ಸೆರಗಿನಂತೆ ಶಲ್ಯ ಹಿಡಿದುಕೊಂಡು, ಒಳಗೆ ಇಣುಕಿ ನೋಡುತ್ತಾ ಹೇಳಿದಳು: “ತಪ್ಪು ತಿಳ್ಕೋಬೇಡಿ. ಕೆಲವು ದಿನದಿಂದ ನಿಮ್ಮ ಮನೆ ಕಡೆಯಿಂದ ಒಂಥರಾ ವಾಸನೆ... ಮೆಟ್ಟಿಲವರೆಗೂ ಬರತ್ತೆ. ಸೊಸೆ ವಾಂತಿ ಮಾಡ್ಕೊಂಡ್ಳು. ನೀವು ಎಷ್ಟು ಶುಚಿ ಅಂತ ನಮಗೆಲ್ಲಾ ಗೊತ್ತು. ಏನಾದ್ರೂ ಸತ್ತಿದೆಯಾ ಒಳಗೆ?”

“ಸತ್ತಿಲ್ಲ, ಬದುಕಿದೆ!” ಎಂದೆ. “ಮನುಷ್ಯರಿರೋ ಮನೆ ರೀ ಇದು. ಮನುಷ್ಯರ ವಾಸನೆ ಬರದೆ ಮಲ್ಲಿಗೆ ವಾಸನೆ ಬರತ್ತಾ? ನಿಮ್ಮ ಸೊಸೆಗೆ ಮೂಗು ಅಷ್ಟು ಸೂಕ್ಷ್ಮ ಆದ್ರೆ ಹತ್ತಿ ತುರ್ಕೊಳ್ಳೋಕೆ ಹೇಳಿ. ಬೇಕಿದ್ರೆ ನಾನೇ ಕೊಡ್ತೀನಿ, ನನ್ನ ಹತ್ರ ಬೇಕಾದಷ್ಟಿದೆ!”

ಬಾಗಿಲು ಹಾಕಿದೆ. ಒಬ್ಬ ಮುದುಕಿಯ ವಾಸನೆ ತಡೆಯಲಾರದವರು! ಮೂಗು ಮುಚ್ಚಿಕೊಂಡು ಬಂದು ನಿಂತಿದ್ದನ್ನು ನೆನೆದರೇ ವಾಕರಿಕೆ ಬರುತ್ತದೆ. ಇಂಥ ಹೇಸಿಗೆ ಹೆಂಗಸಿನ ಎದುರಿಗೆ ಇಷ್ಟು ವರ್ಷ ಹೇಗೆ ಬಾಳಿದೆನೋ ಏನೋ.